ದೊಡ್ಡ ಸಿಸ್ಟರ್ ಹೇಳದ ಮಾತು

ನವೆಂಬರ್ ೬, ಗುರುವಾರ. ಶಹಾಬಾದ್

ನಿನ್ನೆ ಅಡ್ಮಿಟ್ ಆದೆ. ಬಲಗಾಲಿನ ಹಿಮ್ಮಡಿಯ ಹುಣ್ಣು ಮಾಯುತ್ತಿಲ್ಲ, ಸಕ್ಕರೆ ಏರಿದೆ, ಕೆಲವು ದಿನ ಇಲ್ಲೇ ಮಲಗಬೇಕು ಅಂದರು ಡಾಕ್ಟರು. ನಾನು ಚಿತ್ತಾಪುರದಲ್ಲೇ ಪಟ್ಟಿ ಕಟ್ಟಿಸಿಕೊಂಡು ಇದ್ದುಬಿಡುತ್ತಿದ್ದೆ. ಮಗಳು ಪದ್ಮಜಾ ಸೇಡಂನಿಂದ ಬಂದಳು, ಕಾಲು ನೋಡಿದಳು, ಒಂದು ಮಾತೂ ಆಡದೆ ನನ್ನ ಬಟ್ಟೆಗಳನ್ನು ಬ್ಯಾಗಿಗೆ ತುಂಬಿದಳು. ಮಾತಾಡದೆ ಇದ್ದಾಗ ಅವಳು ತನ್ನ ಅವ್ವನ ಹಾಗೆಯೇ ಕಾಣುತ್ತಾಳೆ. ಎದುರು ಹೇಳುವ ಧೈರ್ಯ ನನಗೆ ಬರುವುದಿಲ್ಲ.

ಟು ಬಿ ಫ್ರ್ಯಾಂಕ್, ಬೇರೆ ಯಾವ ಆಸ್ಪತ್ರೆಯಾದರೂ ಆಗುತ್ತಿತ್ತು. ಹೆಂಡತಿ ಅನಸೂಯಾ ಜುಲೈನಲ್ಲಿ ತೀರಿಕೊಂಡದ್ದು ಇದೇ ಟ್ರಸ್ಟಿನ ಆಸ್ಪತ್ರೆಯಲ್ಲಿ. ವರಾಂಡದ ಎಡಕ್ಕೆ ಹೆಂಗಸರ ವಾರ್ಡು, ಬಲಕ್ಕೆ ಗಂಡಸರದು. ನನ್ನ ಗಾಲಿಕುರ್ಚಿ ಬಲಕ್ಕೆ ತಿರುಗಿತು, ನನ್ನ ಕುತ್ತಿಗೆ ಎಡಕ್ಕೆ. ಅನಸೂಯಾ ಮಲಗಿದ್ದ ಆ ಕಿಟಕಿಯ ಹತ್ತಿರದ ಹಾಸಿಗೆಯಲ್ಲಿ ಯಾರೋ ಹುಡುಗಿ ಮೂಸಂಬಿ ಸುಲಿಯುತ್ತ ಕೂತಿದ್ದಳು.

ಎರಡೂ ವಾರ್ಡಿಗೆ ಇನ್‌ಚಾರ್ಜ್ ಒಬ್ಬಳೇ, ಲುಂಬಿನಿ. ಎಲ್ಲರೂ ದೊಡ್ಡ ಸಿಸ್ಟರ್ ಅನ್ನುತ್ತಾರೆ. ಆಳು ದೊಡ್ಡದಲ್ಲ, ದನಿ ದೊಡ್ಡದು. ಭಂಕೂರಿನವಳು, ನೆಲಕ್ಕೆ ಹಾಸುವ ಫರ್ಸಿ ಕಲ್ಲಿಗೆ ಪಾಲಿಶ್ ಹೊಡೆಯುವವರ ಮಗಳು. ಬಾಗಿಲಲ್ಲೇ ನಿಂತಿದ್ದಳು.

"ಬರ್ರಿ ಆಚಾರ್ರ, ಬರ್ರಿ. ಬಾಯಾರ ಮನಿಯವರಂದ್ರ ನಮ್ಮವರ ಆದ್ರಿ."

ಬಾಯಾರ ಮನೆಯವರು! ಅನಸೂಯಾಳನ್ನು ಇಲ್ಲಿ ಎಲ್ಲರೂ ಬಾಯಾರು ಅಂತಲೇ ಕರೆಯುತ್ತಿದ್ದರು. ನಾನು ಜಯತೀರ್ಥ, ಚಿತ್ತಾಪುರದ ಕೋರ್ಟಿನಲ್ಲಿ ಬೆಂಚ್ ಕ್ಲರ್ಕ್ ಆಗಿ ತಲೆ ನೆರೆಸಿದವನು, ಕಲಬುರಗಿಯ ಕಾಲೇಜಿನಲ್ಲಿ ಇಂಗ್ಲೀಷ್ ಆಪ್ಷನಲ್ ತೆಗೆದುಕೊಂಡು ಬಿ.ಎ. ಮಾಡಿದವನು. ಅನಸೂಯಾ ನನ್ನ ಮನೆಯವಳು. ಇಲ್ಲಿ ಮಾತ್ರ ನಾನು ಅವಳ ಮನೆಯವನು. ಈ ಆಸ್ಪತ್ರೆಯಲ್ಲಿ ಅವಳಿಗೆ ಒಂದು ಹೆಸರಿತ್ತು, ನನಗೆ ಇರಲಿಲ್ಲ. ಜುಲೈನಲ್ಲೂ ಇದೇ ನನ್ನನ್ನು ಚುಚ್ಚಿತ್ತು.

ನವೆಂಬರ್ ೭, ಶುಕ್ರವಾರ

ಇಲ್ಲಿ ಒಂದು ಪದ್ಧತಿ ಇದೆ, ದೊಡ್ಡ ಸಿಸ್ಟರೇ ಹಾಕಿದ್ದಂತೆ. ಪಾಳಿ ಬದಲಾಗುವಾಗ ನರ್ಸುಗಳು ಮೇಜಿನ ಹತ್ತಿರವೇ ಒಪ್ಪಿಸಿ ಓಡಿಹೋಗುವ ಹಾಗಿಲ್ಲ. ಹೋಗುವವಳು ಬರುವವಳನ್ನು ಕರೆದುಕೊಂಡು ಒಂದೊಂದು ಹಾಸಿಗೆಗೂ ಬರಬೇಕು. ಜ್ವರ ಎಷ್ಟು, ಔಷಧ ಏನು, ಎಲ್ಲವನ್ನೂ ಪೇಶಂಟಿನ ಎದುರಿಗೇ ಹೇಳಬೇಕು. ಕಡೆಗೆ ರೋಗಕ್ಕೆ ಸಂಬಂಧ ಇಲ್ಲದ ಒಂದು ಸಂಗತಿ ಹೇಳಿ, ಮನುಷ್ಯನನ್ನು ಕೈಗೆ ಕೊಟ್ಟು ಹೋಗಬೇಕು.

ಪಕ್ಕದ ಹಾಸಿಗೆಯ ಖಂಡೆಪ್ಪನ ಕಾಲ ಮೇಲೆ ಖಣಿಯಲ್ಲಿ ಫರ್ಸಿ ಬಿದ್ದಿದೆ. ಹಗಲು ಪಾಳಿಯ ಶೈಸ್ತಾ ರಾತ್ರಿ ಪಾಳಿಯ ನಾಹಿದಳಿಗೆ ಅವನನ್ನು ಒಪ್ಪಿಸಿದಳು: "ಖಂಡೆಪ್ಪ ಕಾಕಾಗ ನೋವು ಕಮ್ಮಿ ಆಗ್ಯಾದ. ಮೊಮ್ಮಗಳು ಇವತ್ತ ಗ್ವಾಡಿ ಹಿಡಿದು ನಿಂತಾಳಂತ, ಫೋನ್ ಬಂದಿತ್ತು. ಭಾಳ ಖುಷಿ ಅದಾರ."

ಆಮೇಲೆ ನನ್ನ ಹಾಸಿಗೆ. "ಆಚಾರ್ರು ಭಾಳ ಮಾತಾಡ್ತಾರ, ಆದ್ರ ಸೂಜಿ ತಗದ ಕೂಡ್ಲೆ ಗಪ್ ಆಗ್ತಾರ."

ದೊಡ್ಡ ಸಿಸ್ಟರ್ ಹಿಂದೆ ನಿಂತು ನಕ್ಕಳು. ಖಂಡೆಪ್ಪನಿಗೆ ಮೊಮ್ಮಗಳು, ನನಗೆ ಸೂಜಿ. ಸಣ್ಣ ವಿಷಯವೇ. ಆದರೂ ಊಟ ಸೇರಲಿಲ್ಲ.

ನವೆಂಬರ್ ೯, ಭಾನುವಾರ

ಪದ್ಮಜಾ ವಾಡಿಯಲ್ಲಿ ಗಾಡಿ ಬದಲಿಸಿಕೊಂಡು ಬಂದಿದ್ದಳು. ಆಸ್ಪತ್ರೆಯ ಉಪ್ಪಿಟ್ಟು ಹೇಗಿದೆ ಅಂದಳು. ಚೆನ್ನಾಗಿಲ್ಲ ಅಂದೆ. ಚೆನ್ನಾಗಿಯೇ ಇದೆ.

ಅನಸೂಯಾಳ ಮಡಿ ಎಂಥದು ಅಂತ ಇಡೀ ಓಣಿಗೆ ಗೊತ್ತಿತ್ತು. ನನ್ನ ಸ್ವಂತ ತಂಗಿ ಊರಿಂದ ಬಂದು ಬಾವಿಕಟ್ಟೆಯಲ್ಲಿ ಸ್ನಾನ ಮಾಡದ ಹೊರತು ಅವಳ ಕೈಯಿಂದ ನೀರು ಇಸಿದುಕೊಳ್ಳುತ್ತಿರಲಿಲ್ಲ. ಅಂಥವಳು ಎದೆಯಲ್ಲಿ ನೀರು ತುಂಬಿ ಇಲ್ಲಿ ಮಲಗಿದಾಗ, ನಾನು ಕುಡಿಸಲು ಹೋದರೆ ಬಾಯಿ ಬಿಗಿದಳು. ಲುಂಬಿನಿ ಬಂದು "ಬಾಯಾರ, ಒಂದ ಗುಟುಕು" ಅಂದದ್ದೇ ತಡ, ಕುಡಿದಳು. ಅಡಿಗೆಯವರ ಕೈಯಲ್ಲೂ ಉಣ್ಣದವಳು ಆಕೆಯ ಕೈಯಿಂದ ಗಂಜಿ ಉಂಡಳು. ನಾನು ಚಮಚ ಹಿಡಿದು ನಿಂತವನು ನಿಂತೇ ಇದ್ದೆ.

ಜಾತಿಯ ಮಾತು ಅಲ್ಲ ಇದು. ನಾನು ಕೋರ್ಟಿನಲ್ಲಿ ಎಲ್ಲರ ಕೂಡ ಚಹಾ ಕುಡಿದವನು, ಲಿಬರಲ್ ಮನುಷ್ಯ. ಯಾರ ಕೈ ಅನ್ನುವುದು ಪ್ರಶ್ನೆಯೇ ಅಲ್ಲ. ನನ್ನ ಕೈ ಯಾಕೆ ಅಲ್ಲ ಅನ್ನುವುದು ಪ್ರಶ್ನೆ.

ನಾನು ವಾರ್ಡಿಗೆ ಬಂದಾಗೆಲ್ಲ ಅವರಿಬ್ಬರೂ ಏನೋ ಮಾತಾಡುತ್ತಿದ್ದವರು ನಿಲ್ಲಿಸುತ್ತಿದ್ದರು. ಆಷಾಢದ ಏಕಾದಶಿ ದಿವಸ ಅವಳೇ ನನ್ನನ್ನು ಹಟ ಮಾಡಿ ಕಳಿಸಿದಳು. "ಮಠಕ್ಕ ಹೋಗಿ ಮುದ್ರಿ ಹಾಕಿಸಿಕೊಂಡು ಬರ್ರಿ, ಒಂದ ವರ್ಷಾನೂ ತಪ್ಪಿಸಿಲ್ಲ, ಈ ವರ್ಷ ನನ್ನ ಸಲುವಾಗಿ ತಪ್ಪಬಾರದು." ಕಾದ ಶಂಖ ಚಕ್ರದ ಮುದ್ರೆಗಳನ್ನು ತೋಳಿಗೆ ಒತ್ತಿಸಿಕೊಂಡು, ತೋಳು ಚುರುಗುಡುತ್ತಿರುವಾಗಲೇ ಬಸ್ಸು ಹತ್ತಿ ಬಂದೆ. ಅಷ್ಟರಲ್ಲಿ ಹೋಗಿಬಿಟ್ಟಿದ್ದಳು. ಪಕ್ಕದಲ್ಲಿ ಇದ್ದದ್ದು ಲುಂಬಿನಿ. ಏಕಾದಶಿ ದಿವಸ ಹೋದಳು, ಪುಣ್ಯವಂತೆ ಅಂದರು ಬಂಧುಗಳು. ಶೈಸ್ತಾ ಮಾತ್ರ ಅಳುತ್ತ ಒಂದು ಮಾತು ಜಾರಿಸಿದಳು: "ಬಾಯಾರು ದೊಡ್ಡ ಸಿಸ್ಟರ್ ಕೂಡ ಭಾಳ ಹೊತ್ತು ಮಾತಾಡಿದ್ರುರಿ. ನಮ್ಮನ್ನ ಹೊರಗ ಕಳಸಿದ್ರು."

ಏನು ಮಾತಾಡಿದಳು? ಲುಂಬಿನಿ ನನಗೆ ಹೇಳಿದ್ದು ಇಷ್ಟೇ: "ನೋವು ಇರಲಿಲ್ರಿ. ಶಾಂತ ಹೋದ್ರು."

ಗಂಡ ಹೆಂಡಿರ ನಡುವಿನ ಮಾತನ್ನು ಸಾಕ್ಷಿಕಟ್ಟೆಯಲ್ಲಿ ಹೇಳು ಅಂತ ಕೋರ್ಟೂ ಬಲವಂತ ಮಾಡುವ ಹಾಗಿಲ್ಲ. ಪ್ರಿವಿಲೆಜ್ಡ್ ಅನ್ನುತ್ತಾರೆ ಅದಕ್ಕೆ. ಎಷ್ಟೋ ಸಲ ನನ್ನ ಕಿವಿಯಿಂದಲೇ ಕೇಳಿದ ಶಬ್ದ. ಆದರೆ ಹೆಂಡತಿ ನರ್ಸಿಗೆ ಹೇಳಿದ ಮಾತು? ಅದರ ಬಗ್ಗೆ ಕಾನೂನು ಏನು ಹೇಳುತ್ತದೋ ನೆನಪಾಗುತ್ತಿಲ್ಲ.

ನವೆಂಬರ್ ೧೧, ಮಂಗಳವಾರ

ಟ್ರಸ್ಟಿನ ಕಾರ್ಯದರ್ಶಿ ಮೆಹತಾಬ್ ಸಾಹೇಬರು ಬಂದು ಸ್ಟೂಲ್ ಎಳೆದುಕೊಂಡು ಕೂತರು. ಡಿಸೆಂಬರ್ ಐದಕ್ಕೆ ಆಸ್ಪತ್ರೆಯ ವಾರ್ಷಿಕೋತ್ಸವ. ಈ ವರ್ಷದ ಸನ್ಮಾನ ಲುಂಬಿನಿಗೆ.

"ಪೇಶಂಟ್ ಮನಿಯವರು ಒಬ್ಬರು ಎದ್ದು ಮಾತಾಡಬೇಕಂತ ಟ್ರಸ್ಟಿನವರ ಕಾಯ್ದೆ ಅದರಿ. ಎಲ್ಲಾರೂ ಹೊಗಳ್ತಾರ, ಮೈಕ್ ಅಂದ್ರ ಓಡ್ತಾರ. ನಿಮ್ಮಂಗ ಕಲಿತವರು ಬೇಕು. ಲೀಡರ್‌ಶಿಪ್, ಕಂಪ್ಯಾಶನ್, ಅಂಥಾ ನಾಕು ಮಾತು ಬರ್ಲಿ. ಕಲಬುರಗಿಯಿಂದ ದೊಡ್ಡ ಡಾಕ್ಟರ್ ಬರಾಕತ್ತಾರ."

"ಯಾರೂ ಮಾತಾಡಲಿಲ್ಲ ಅಂದ್ರ?"

"ಶಾಲು ಲ್ಯಾಬಿನವರಿಗಿ ಹೋಗ್ತದ್ರಿ. ಅವರು ಅರ್ಜಿ ಹಾಕಿ ಕುಂತಾರ."

ವಿಚಾರ ಮಾಡಿ ಹೇಳುತ್ತೇನೆ ಅಂದೆ. ಸಾಹೇಬರು ಹೋದ ಮೇಲೆ ಸಿಂಪತಿ, ಎಂಪತಿ, ಕಂಪ್ಯಾಶನ್ ಮೂರಕ್ಕೂ ವ್ಯತ್ಯಾಸ ಏನು ಅಂತ ನೆನಪು ಮಾಡಿಕೊಳ್ಳಲು ಕೂತೆ. ನಮ್ಮ ಪ್ರೊಫೆಸರರು ಒಂದು ಇಡೀ ಪೀರಿಯಡ್ ಹೇಳಿದ್ದರು. ಅವರ ಕರಿ ಕೋಟು ನೆನಪಿದೆ, ವ್ಯತ್ಯಾಸ ನೆನಪಿಲ್ಲ.

ಆಮೇಲೆ ಹೊಳೆಯಿತು. ಲುಂಬಿನಿಗೆ ಬೇಕಾದದ್ದು ಈಗ ನನ್ನ ಹತ್ತಿರ ಇದೆ.

ನವೆಂಬರ್ ೧೨, ಬುಧವಾರ

ಡ್ರೆಸ್ಸಿಂಗಿಗೆ ಲುಂಬಿನಿಯೇ ಬಂದಳು. ಕೇಳಿಬಿಟ್ಟೆ.

"ಸಿಸ್ಟರ್, ಒಂದ ಮಾತು ಹೇಳ್ರಿ. ಸ್ಟೇಜಿನ ಮ್ಯಾಲೆ ನಿಮ್ಮನ್ನ ಮುಗಿಲಿಗೇರಸ್ತೀನಿ."

"ಯಾವ ಮಾತ್ರಿ?"

"ಆಷಾಢ ಏಕಾದಶಿ ದಿವಸ ಅನಸೂಯಾ ನಿಮಗ ಏನು ಹೇಳಿದಳು?"

ಆಕೆಯ ಕೈ ನಿಲ್ಲಲಿಲ್ಲ. ಹತ್ತಿಯನ್ನು ಔಷಧದಲ್ಲಿ ಅದ್ದಿದಳು, ಹಿಂಡಿದಳು.

"ಅದು ಬಾಯಾರ ಮಾತ್ರಿ."

"ಆಕಿ ನನ್ನ ಹೆಂಡತಿ."

"ಹೌದ್ರಿ. ಮಾತು ಆಕಿದು. ನಿಮಗ ಹೇಳು ಅಂದಿದ್ರ ಅವತ್ತ ಹೇಳ್ತಿದ್ದೆ."

"ಹಂಗಾದ್ರ ಭಾಷಣ ಇಲ್ಲ."

"ಆಗ್ಲಿರಿ. ಕಾಲು ಈ ಕಡಿ ಹೊರಳಸ್ರಿ."

ನವೆಂಬರ್ ೧೩, ಗುರುವಾರ

ಮೆಹತಾಬ್ ಸಾಹೇಬರಿಗೆ ಫೋನ್ ಮಾಡಿ ಆಗುವುದಿಲ್ಲ ಅಂದೆ. ತಬ್ಯೇತ್ ಸರಿ ಇಲ್ಲ ಅಂತ ಕಾರಣ ಕೊಟ್ಟೆ. ಸುಳ್ಳೇನಲ್ಲ.

ಆಕೆ ಎಂದಿನ ಹಾಗೆಯೇ ಬಂದಳು, ಎಂದಿನ ಹಾಗೆಯೇ ಗದರಿದಳು. ಮುಖದಲ್ಲಿ ಏನೂ ವ್ಯತ್ಯಾಸ ಇಲ್ಲ. ಸ್ವಲ್ಪವಾದರೂ ಸಿಟ್ಟು ಮಾಡಬಾರದೇ?

ನವೆಂಬರ್ ೧೪, ಶುಕ್ರವಾರ

ನಾಳೆ ಏಕಾದಶಿ.

ಅನಸೂಯಾ ಇಲ್ಲಿದ್ದಾಗ ಒಂದು ಏಕಾದಶಿಯೂ ಬಿಡಲಿಲ್ಲ. ಲುಂಬಿನಿ ಡಾಕ್ಟರನ್ನು ಕೇಳಿ ಅವತ್ತಿನ ಔಷಧವನ್ನೇ ಹಿಂದೆ ಮುಂದೆ ಮಾಡಿಸುತ್ತಿದ್ದಳು, ಹಾಲು ಹಣ್ಣು ಎಷ್ಟು ಹೊತ್ತಿಗೆ ಅಂತ ತಾನೇ ನಿಂತು ಕೊಡಿಸುತ್ತಿದ್ದಳು. ಅನಸೂಯಾ ನನ್ನ ಮುಂದೆ ದೊಡ್ಡಸ್ತಿಕೆ ಕೊಚ್ಚಿದಳು: "ನನ್ನ ಏಕಾದಶಿ ಆಕಿ ನಡಿಸಿಕೊಟ್ಟಳು ನೋಡ್ರಿ." ಮದುವೆಯಾದಂದಿನಿಂದ ಅವಳ ಏಕಾದಶಿಗೆ ಬಾಳೆಹಣ್ಣು ತಂದುಕೊಟ್ಟವನು ನಾನು. ಆ ಮಾತು ಒಂದು ಸಲವೂ ಅವಳ ಬಾಯಿಂದ ಬರಲಿಲ್ಲ.

ನಾಳೆ ನನ್ನ ಏಕಾದಶಿ ನಾನೇ ನಡೆಸಿಕೊಳ್ಳುತ್ತೇನೆ. ಯಾರಿಗೂ ಹೇಳುವುದಿಲ್ಲ. ಯಾರ ಉಪಕಾರವೂ ಬೇಡ.

ನವೆಂಬರ್ ೧೬, ಭಾನುವಾರ

ನಿನ್ನೆ ಬರೆಯಲು ಆಗಲಿಲ್ಲ. ನಿನ್ನೆ ಅನ್ನುವುದೇ ನನಗೆ ಪೂರ್ತಿ ಸಿಕ್ಕಿಲ್ಲ.

ಬೆಳಿಗ್ಗೆ ಶೈಸ್ತಾ ಇನ್ಸುಲಿನ್ ಸೂಜಿ ತಂದಳು. "ನಾಷ್ಟಾ ಮಾಡ್ತೀರಲ್ರೀ ಆಚಾರ್ರ? ಮಾಡ್ತೀನಿ ಅಂದ್ರ ಚುಚ್ತೀನಿ." ಮಾಡುತ್ತೇನೆ ಅಂದೆ. ಆಕೆ ಚುಚ್ಚಿ ಹೋದಳು. ಉಪ್ಪಿಟ್ಟಿನ ತಾಟನ್ನು ಖಂಡೆಪ್ಪನ ಕಡೆ ಸರಿಸಿದೆ, ಅವನು ಎರಡನ್ನೂ ತಿಂದ. ಆಮೇಲೆ ಬೆವರು. ಆಮೇಲೆ ಫ್ಯಾನು ಛತ್ತಿನಿಂದ ಬಹಳ ದೂರ ಹೋಯಿತು. ಯಾರೋ ನನ್ನ ತಲೆಯನ್ನು ತಮ್ಮ ತೋಳಿನ ಮೇಲೆ ಇಟ್ಟುಕೊಂಡದ್ದು ನೆನಪಿದೆ. ಮುಂದಿನದೆಲ್ಲ ಖಂಡೆಪ್ಪನ ಹೇಳಿಕೆ. ಕೋರ್ಟಿನಲ್ಲಿ ಇದು ನಡೆಯುವುದಿಲ್ಲ, ಹಿಯರ್‌ಸೇ, ಬರೀ ಇನ್ನೊಬ್ಬರಿಂದ ಕೇಳಿದ್ದು. ಆದರೆ ಬೇರೆ ಸಾಕ್ಷಿ ಇಲ್ಲ.

"ಉಪ್ಪಿಟ್ಟು ತಿಂದವ ನಾನು, ಬಿದ್ದವರು ನೀವು," ಅಂದ ಅವನು. "ಖೂನಿ ಕೇಸ್ನಾಗ ನನ್ನ ಒಯ್ತಾರಂತ ಮಾಡಿದ್ದೆರಿ. ದೊಡ್ಡ ಸಿಸ್ಟರ್ ಓಡಿ ಬಂದಳು. ನಿಮ್ಮ ಮಾರಿ ನೋಡಿದ ಕೂಡ್ಲೆ ಸಕ್ರಿ ಇಳದಾದ ಅಂದಳು, ಕೈಗ ಸೂಜಿ ಹಾಕಿ ಗ್ಲೂಕೋಸ್ ಬಿಟ್ಟಳು. ನೀವು ಆಕಿ ಸೆರಗು, ಅಲ್ಲ, ಆ ಕೋಟು ಹಿಡ್ಕೊಂಡು ಬಿಡವಲ್ರಿ. ಏನೇನೋ ಬಯ್ಯಾಕತ್ತಿದ್ರಿ."

"ಏನು ಬಯ್ದೆ?"

"ಅರ್ಧ ಇಂಗ್ಲೀಷ್ನಾಗ ಬಯ್ದ್ರಿ, ನನಗೇನ ತಿಳೀತದ? ಆಕಿ ಪರದಾ ಎಳದಳು. ಎಲ್ಲಾರೂ ದೂರ ಹೋಗ್ರಿ ಅಂದಳು."

ಈಗ ನನ್ನದೂ ಒಂದು ಮಾತು ಆಕೆಯ ಹತ್ತಿರ ಇದೆ. ನನಗೇ ಗೊತ್ತಿಲ್ಲದ ಮಾತು.

ನವೆಂಬರ್ ೧೭, ಸೋಮವಾರ

ಶೈಸ್ತಾ ಔಷಧದ ಕೋಣೆಯಲ್ಲಿ ಅತ್ತಳಂತೆ. ಡಾಕ್ಟರು ಬೆಳಿಗ್ಗೆ ಎಲ್ಲರ ಎದುರಿಗೆ ಅವಳನ್ನು ತರಾಟೆಗೆ ತೆಗೆದುಕೊಳ್ಳಲು ಶುರು ಮಾಡಿದ್ದರು. ಲುಂಬಿನಿ ಮುಂದೆ ಬಂದು ನಿಂತಳು.

"ವಾರ್ಡ್ ನಂದು ಸರ್, ತಪ್ಪೂ ನಂದ. ಹೆಣ್ಣಮಕ್ಕಳ ವಾರ್ಡ್ನಾಗ ಉಪವಾಸ ಅದನೇನಂತ ಕೇಳಿ ಸೂಜಿ ಮಾಡ್ತೀವಿ. ಗಂಡಸರು ಉಪವಾಸ ಹಿಡ್ಯಾಂಗಿಲ್ಲಂತ ನಾನ ತಿಳಕೊಂಡು ಬಿಟ್ಟಿದ್ದೆ. ಶೈಸ್ತಾಗ ನಾ ಹೇಳಿಕೊಟ್ಟಿದ್ದಷ್ಟು ಆಕಿ ಮಾಡ್ಯಾಳ."

ಡಾಕ್ಟರು ಕನ್ನಡಕ ಒರೆಸಿಕೊಂಡು ಮುಂದಿನ ಹಾಸಿಗೆಗೆ ಹೋದರು.

ಸುಳ್ಳು ಹೇಳಿದವನು ನಾನು ಅನ್ನುವುದನ್ನು ಆಕೆ ಯಾರಿಗೂ ಹೇಳಲಿಲ್ಲ. ಮಧ್ಯಾಹ್ನ ನನ್ನ ಹತ್ತಿರ ಬಂದು, ದನಿ ಇಳಿಸಿ, ನನಗೊಬ್ಬನಿಗೇ ಹೇಳಿದಳು: "ಆಚಾರ್ರ, ನನ್ನ ಮ್ಯಾಲಿನ ಸಿಟ್ಟಿಗಿ ಉಪವಾಸ ಮಾಡಿದ್ರಿ, ಅದು ನನಗ ತಿಳೀತದ. ಆದ್ರ ಆ ಹುಡುಗಿ ಕೈ ಇನ್ನಾ ನಡಗಾಕತ್ತಾದ. ನಾಳಿ ಯಾರಿಗಿ ಸೂಜಿ ಮಾಡಬೇಕಾದ್ರೂ ನಡಗ್ತದ. ಅದನ್ನ ನೀವ ನಿಲ್ಲಸಬೇಕು, ನನ್ನ ಕೈಲೆ ಆಗಂಗಿಲ್ಲ."

ಸಂಜೆ ಪಾಳಿ ಬದಲಾಗುವಾಗ ಶೈಸ್ತಾ ಬಂದಳು. "ಉಣ್ತೀನಿ ಅಂತ ನಿನಗ ಸುಳ್ಳು ಹೇಳಿದೆವಾ. ನಿಂದೇನೂ ತಪ್ಪಿಲ್ಲ," ಅಂದೆ. ಎಲ್ಲರಿಗೂ ಕೇಳುವಂತೆ ಅಂದೆ. ಅವಳು ನಾಹಿದಳ ಕಡೆ ತಿರುಗಿ, "ಆಚಾರ್ರಿಗಿ ಸಕ್ರಿ ಸಮ ಆಗ್ಯಾದ. ಇವತ್ತ ಖರೇ ಮಾತಾಡ್ಯಾರ," ಅಂದಳು. ಖಂಡೆಪ್ಪ ಕಾಲಿನ ನೋವು ಮರೆತು ನಕ್ಕ.

ನರ್ಸುಗಳ ಮೇಜಿನ ಮೇಲಿನ ಗೋಡೆಗೆ ಈಗ ಪಂಚಾಂಗದ ಕ್ಯಾಲೆಂಡರ್ ಬಂದಿದೆ. ಪ್ರತಿ ಹಾಸಿಗೆಯಲ್ಲೂ ಹೊಸ ಪ್ರಶ್ನೆ ಕೇಳುತ್ತಾರೆ: "ನಾಳಿ ಉಪವಾಸ, ರೋಜಾ, ಹರಕಿ ಏನಾರ ಅದನ್ರೀ?" ಖಂಡೆಪ್ಪನ ಉತ್ತರ: "ನನಗೇನಿಲ್ಲವಾ. ಆಚಾರ್ರಿಗಿ ಇದ್ರ ಮೊದಲ ನನಗ ಹೇಳ್ರಿ, ಹೊಟ್ಟಿ ಖಾಲಿ ಇಟ್ಟಿರ್ತೀನಿ."

ನವೆಂಬರ್ ೧೮, ಮಂಗಳವಾರ

ಕೇಳದೆ ಇರಲಾಗಲಿಲ್ಲ.

"ಅವತ್ತ ನಾ ಏನಂದೆ ಸಿಸ್ಟರ್?"

"ಹೇಳ್ಲೇನ್ರಿ? ನಿಮ್ಮ ಮಾತು ನಿಮಗ ಹೇಳಾಕ ನನಗೇನಿಲ್ಲ." ಪರದೆ ಎಳೆದಳು. ಸ್ಟೂಲಿನ ಮೇಲೆ ಕೂತಳು. ಆಕೆ ಕೂತದ್ದನ್ನು ನಾನು ಈ ವಾರ್ಡಿನಲ್ಲಿ ಮೊದಲು ನೋಡಿದ್ದು.

"ಕಳ್ಳಿ ಅಂದ್ರಿ ನನಗ. 'ಗಿವ್ ಹರ್ ಬ್ಯಾಕ್' ಅಂದ್ರಿ. ಆಮ್ಯಾಲ ಕನ್ನಡದಾಗ, 'ನನ್ನ ಹೆಂಡತಿನ್ನ ನನಗ ಕೊಡು' ಅಂದ್ರಿ. ಅದನ್ನ ಭಾಳ ಸಲ ಅಂದ್ರಿ."

ನಾನು ಫ್ಯಾನು ನೋಡಿದೆ.

"ನನಗ ಸಿಟ್ಟು ಬಂದಿಲ್ರಿ," ಅಂದಳು. "ಈ ಕೆಲಸಕ್ಕ ಬಂದಾಗಿಂದ ಭಾಳ ಮಂದಿ ಅಂದಾರ, ಬಾಯಿಲೆ ಅನ್ನಂಗಿಲ್ಲ, ಕಣ್ಣಿಲೆ ಅಂತಾರ. ಮನಿಯವರಿಗಿ ಹೇಳಬಾರದ್ದು ನಮಗ ಹೇಳ್ತಾರ ಪೇಶಂಟ್ಸು. ಯಾಕಂದ್ರ ನಾವು ಅಳಂಗಿಲ್ಲ. ನೀವು ಅಳ್ತಿದ್ರಿ."

ಎದ್ದು ಹೋದಳು. ಅಳುತ್ತಿದ್ದೆನೇ? ಅಳುತ್ತಿದ್ದೆ. ಅದಕ್ಕೇ ಅನಸೂಯಾ ಬಾಯಿ ಬಿಗಿದಳೇ?

ಇದೂ ನ್ಯಾಯ ಅನಿಸುವುದಿಲ್ಲ. ಗಂಡ ಅತ್ತರೆ ಅದು ಡಿಸ್‌ಕ್ವಾಲಿಫಿಕೇಶನ್ನೇ?

ನವೆಂಬರ್ ೨೦, ಗುರುವಾರ

ಪದ್ಮಜಾ ತಾನು ಕಲಿಸುವ ಶಾಲೆಗೆ ರಜೆ ಹಾಕಿ ಬಂದಳು. ಖಂಡೆಪ್ಪ ಬಾಯಿ ಬಿಟ್ಟುಬಿಟ್ಟಿದ್ದ: ನಿಮ್ಮ ಅಪ್ಪ ಬೆವೆತು ಬಿದ್ದರು, ಏನೇನೋ ಬಯ್ದರು ಅಂತ. ನಾನು ಕಣ್ಣು ಮುಚ್ಚಿ ಮಲಗಿದ್ದೆ. ಪರದೆಯ ಆಚೆ ಮಗಳ ದನಿ ಕೇಳಿಸಿತು. ಕೋರ್ಟಿನ ಯಾವ ವಕೀಲನೂ ಹಾಗೆ ಕ್ರಾಸ್ ಮಾಡಲಾರ.

"ಅಪ್ಪ ಏನಂದ್ರು ಸಿಸ್ಟರ್?"

"ಸಕ್ರಿ ಇಳದಾಗ ಮಾತಾಡ್ತಾರವಾ ಎಲ್ಲಾರೂ."

"ಅವ್ವನ ಸುದ್ದಿ ಏನಾರ ಅಂದ್ರೇನು?"

"ಅಪ್ಪಗ ಕೇಳು."

"ನಾ ಮಗಳಿದ್ದೀನಿ! ನನಗ ಹಕ್ಕಿಲ್ಲೇನು? ನನಗ ಗೊತ್ತಿದ್ರ ನಾ ಅವರನ್ನ ನೋಡಿಕೊಳ್ಳಲಿಕ್ಕೆ ಅನುಕೂಲ ಆಗ್ತದ."

"ಔಷಧ ಕೇಳು, ಪಥ್ಯ ಕೇಳು, ಪಟ್ಟಿ ಹ್ಯಾಂಗ ಕಟ್ಟೂದು ಕೇಳು, ಕುಂದರಿಸಿ ಕಲಸ್ತೀನಿ. ಮಾತು ಕೇಳಬ್ಯಾಡ ತಂಗಿ. ಅದು ಅಪ್ಪಂದು."

ಪದ್ಮಜಾ ಸಿಟ್ಟಿನಿಂದ ಹೊರಗೆ ಹೋದ ಚಪ್ಪಲಿ ಸದ್ದು.

ಬಲು ಚೆನ್ನಾಗಿ ಹೇಳಿದಳು ಅನಿಸಿತು. ಹಾಗೇ ಆಗಬೇಕು. ಅಪ್ಪನ ಮಾತು ಮಗಳಿಗೆ ಯಾಕೆ ಬೇಕು? ಮೈ ಹಗುರಾಗಿ ಒಳ್ಳೆಯ ನಿದ್ದೆ ಬಂತು. ಎದ್ದ ಮೇಲೆ ಪದ್ಮಜಾಳ ಮುಖ ನೋಡಿದೆ. ಚಮಚ ಹಿಡಿದು ನಿಂತವರ ಮುಖ. ಪಾಪ ಅನಿಸಿತು. ಆದರೂ ಆ ಮಾತನ್ನು ನನ್ನ ಹತ್ತಿರವೇ ಇಟ್ಟುಕೊಂಡೆ.

ನವೆಂಬರ್ ೨೨, ಶನಿವಾರ

ಡಾಕ್ಟರು ಬಹಳ ಹೊತ್ತು ಕಾಲು ನೋಡಿದರು. ಏನೂ ಹೇಳದೆ ಹೋದರು. ಹೇಳದೆ ಹೋದರೆ ಏನರ್ಥ ಅಂತ ನನಗೆ ಗೊತ್ತು. ಜಡ್ಜ್ ಸಾಹೇಬರೂ ಹಾಗೇ ಎದ್ದು ಹೋಗುತ್ತಿದ್ದರು, ತೀರ್ಪಿನ ಹಿಂದಿನ ದಿನ.

ಡ್ರೆಸ್ಸಿಂಗ್ ಹೊತ್ತಿನಲ್ಲಿ ದೊಡ್ಡ ಸಿಸ್ಟರ್‌ಗೆ ಒಂದು ಮಾತು ಹೇಳಿದೆ. ಪದ್ಮಜಾಳಿಗೆ ಹೇಳಲಾಗದ್ದು. ಇಲ್ಲಿ ಬರೆಯುವುದಿಲ್ಲ.

ಆಕೆ ಪೂರ್ತಿ ಕೇಳಿದಳು. "ಹೂಂ," ಅಂದಳು. ಪಟ್ಟಿಯ ತುದಿಯನ್ನು ಮಡಚಿ ಅಂಟಿಸಿದಳು.

ನವೆಂಬರ್ ೨೬, ಬುಧವಾರ

ಕಾಲು ಉಳಿಯಿತು. ಸತ್ತ ಚರ್ಮ ಕತ್ತರಿಸಿ ತೆಗೆದರು, ಅಡಿಯಲ್ಲಿ ಕೆಂಪು ಮಾಂಸ ಬಂದಿದೆ, ಅದು ಶುಭಲಕ್ಷಣವಂತೆ.

ಖಂಡೆಪ್ಪ ಮನೆಗೆ ಹೋದ. ದೊಡ್ಡ ಸಿಸ್ಟರ್ ಅವನ ಜೊತೆ ಗೇಟಿನವರೆಗೆ ಹೋಗಿ ಆಟೊ ಹತ್ತಿಸಿದಳು, ಭಂಕೂರಿನವನು, ತನ್ನ ಊರಿನವನಲ್ಲವೇ. ಕಿಟಕಿಯಿಂದ ಕಾಣುತ್ತಿತ್ತು. ಅವನು ಏನೋ ಹೇಳಿದ, ಆಕೆ ತಲೆ ಹಿಂದಕ್ಕೆ ಒಗೆದು ನಕ್ಕಳು. ನನ್ನ ಮಾತಿಗೆ ಹಾಗೆ ನಕ್ಕಿಲ್ಲ ಇನ್ನೂ. ಹೊತ್ತೆಲ್ಲ ಅದೇ ತಲೆಯಲ್ಲಿ.

ನವೆಂಬರ್ ೨೯, ಶನಿವಾರ

ಡಿಸ್ಚಾರ್ಜ್. ನನ್ನನ್ನೂ ಗೇಟಿನವರೆಗೆ ಬಿಟ್ಟಳು. ನಗಿಸಲು ಎರಡು ಜೋಕು ಹೇಳಿದೆ. "ಪಥ್ಯ ಮಾಡ್ರಿ," ಅಂದಳು.

ಗಾಡಿಯಲ್ಲಿ ಕೂತು ಮೆಹತಾಬ್ ಸಾಹೇಬರಿಗೆ ಫೋನ್ ಮಾಡಿದೆ. ಶಾಲು ಇನ್ನೂ ಯಾರ ಹೆಸರಿಗೂ ಹೋಗಿಲ್ಲವಂತೆ, ಲ್ಯಾಬಿನವರಿಗೂ ಮಾತಾಡುವವರು ಸಿಕ್ಕಿಲ್ಲ.

"ಬರ್ತೀನ್ರಿ," ಅಂದೆ.

"ಇಂಗ್ಲೀಷ್ನಾಗ ಸ್ವಲ್ಪ..."

"ಎಲ್ಲಾ ಬರ್ತದ."

ಡಿಸೆಂಬರ್ ೫, ಶುಕ್ರವಾರ. ಚಿತ್ತಾಪುರ

ಈಗಷ್ಟೇ ಮನೆಗೆ ಬಂದೆ. ಕಾಲು ಬಾತಿದೆ. ಆದರೂ ಬರೆದೇ ಮಲಗಬೇಕು.

ಭಾಷಣವನ್ನು ಐದು ಪುಟ ಬರೆದಿದ್ದೆ. ಲೀಡರ್‌ಶಿಪ್ ಇತ್ತು, ಕಂಪ್ಯಾಶನ್ ಇತ್ತು, ಎಂಪತಿಯ ಬಗ್ಗೆ ಒಂದು ಪ್ಯಾರಾ ಇತ್ತು, ಅರ್ಥ ಡಿಕ್ಷನರಿ ನೋಡಿ ಹಾಕಿದ್ದೆ. ಆಸ್ಪತ್ರೆಯ ಅಂಗಳದಲ್ಲಿ ಶಾಮಿಯಾನಾ. ಮುಂದಿನ ಸಾಲಿನಲ್ಲಿ ಕಲಬುರಗಿಯ ದೊಡ್ಡ ಡಾಕ್ಟರು. ಖಂಡೆಪ್ಪ ಊರುಗೋಲು ಹಿಡಿದು, ಮೊಮ್ಮಗಳನ್ನು ಸೊಂಟದಲ್ಲಿ ಇಟ್ಟುಕೊಂಡ ಸೊಸೆಯ ಜೊತೆ ಬಂದಿದ್ದ. ವೇದಿಕೆಯ ಮೇಲೆ ಲುಂಬಿನಿ, ಹೊಸ ನೀಲಿ ಸೀರೆ, ಕೈಗಡಿಯಾರ ನೋಡುತ್ತ ಕೂತಿದ್ದಳು. ಸನ್ಮಾನ ಮಾಡಿಸಿಕೊಳ್ಳುವವರ ಮುಖ ಅಲ್ಲ ಅದು, ಬಸ್ಸಿಗೆ ಕಾಯುವವರ ಮುಖ.

ಮೈಕಿನ ಮುಂದೆ ನಿಂತೆ. ಮೊದಲ ಸಾಲು, "ರಿಸ್ಪೆಕ್ಟೆಡ್ ಡಿಗ್ನಿಟರೀಸ್ ಆನ್ ದಿ ಡಾಯಸ್," ಸರಿಯಾಗಿಯೇ ಬಂತು. ಎರಡನೆಯ ಸಾಲು ನೋಡಿದೆ. ಒಳ್ಳೆಯ ಇಂಗ್ಲೀಷೇ. ಆದರೆ ಆಕೆಯ ಸುದ್ದಿ ಅದರಲ್ಲಿ ಏನೂ ಇರಲಿಲ್ಲ. ಯಾವ ಊರಿನ ಯಾವ ನರ್ಸಿಗಾದರೂ ಓದಬಹುದಾಗಿತ್ತು. ಹಾಳೆ ಮಡಚಿದೆ. ಏನು ಅಂದೆ ಅನ್ನುವುದು ಈ ಸಲ ನನಗೆ ಪೂರ್ತಿ ನೆನಪಿದೆ:

"ನನ್ನ ಹೆಂಡತಿ ಅನಸೂಯಾ ಈ ಆಸ್ಪತ್ರಿಯೊಳಗ ತೀರಿಕೊಂಡಳು. ಹೋಗೂ ದಿವಸ ಈ ಸಿಸ್ಟರ್ ಮುಂದ ಏನೋ ಹೇಳಿಕೊಂಡಳು. ಅದೇನಂತ ನಾ ಕೇಳಿದೆ. ಹೇಳಲಿಲ್ಲ. ಹೇಳಿದ್ರ ಇಲ್ಲಿ ಬಂದು ಹೊಗಳ್ತೀನಿ, ಇಲ್ಲಂದ್ರ ಬರಂಗಿಲ್ಲ ಅಂದೆ. ಆಗ್ಲಿರಿ ಅಂದಳು, ನನ್ನ ಹುಣ್ಣು ತೊಳದಳು. ನಾನು ಈಕಿಗಿ ಕಳ್ಳಿ ಅಂದೆ. ಅದನ್ನೂ ಯಾರಿಗೂ ಹೇಳಲಿಲ್ಲ, ಈಗ ನಾನ ಹೇಳಾಕತ್ತೀನಿ. ನನ್ನ ಮಗಳು ನನ್ನ ಸುದ್ದಿ ಕೇಳಿದಳು, ಆಕಿಗೂ ಹೇಳಲಿಲ್ಲ. ನಾಳಿ ನಿಮ್ಮ ಮನಿಯವರು ಯಾರಾರ ಇಲ್ಲಿ ಬಂದು ಮಲಗಿದ್ರ, ನಿಮಗ ಹೇಳಲಾರದ್ದು ಹೇಳಾಕ ಅವರಿಗಿ ಒಂದು ಜಾಗಾ ಅದ. ಇಷ್ಟ ನನ್ನ ಸಾಕ್ಷಿ."

ಯಾರೂ ಚಪ್ಪಾಳೆ ತಟ್ಟಲಿಲ್ಲ. ಮುಗಿಯಿತೋ ಇಲ್ಲವೋ ತಿಳಿಯಲಿಲ್ಲ ಅಂತ ಕಾಣುತ್ತದೆ. ಮೆಹತಾಬ್ ಸಾಹೇಬರು ಹತ್ತಿರ ಬಂದು ಕಿವಿಯಲ್ಲಿ, "ಅಷ್ಟನೇನ್ರಿ? ಲೀಡರ್‌ಶಿಪ್ ಬರಲಿಲ್ಲಲ್ಲ?" ಅಂದರು. ಹಿಂದಿನಿಂದ ಖಂಡೆಪ್ಪ, "ಬಿಡ್ರಿ ಸಾಹೇಬ್ರ, ಆಚಾರ್ರು ಇಷ್ಟು ಕಮ್ಮಿ ಮಾತಾಡಿದ್ದು ಇದ ಮೊದಲು!" ಅಂತ ಒದರಿದ. ಆಗ ಎಲ್ಲರೂ ನಕ್ಕರು, ಚಪ್ಪಾಳೆ ಆ ನಗುವಿನಲ್ಲೇ ಬಂತು.

ಲುಂಬಿನಿ ನಗಲಿಲ್ಲ. ಶಾಲು ಹೊದಿಸುವಾಗ ತಲೆ ಬಗ್ಗಿಸಿದವಳು ಸ್ವಲ್ಪ ಹೊತ್ತು ಎತ್ತಲಿಲ್ಲ. ನಾವು ಅಳುವುದಿಲ್ಲ ಅಂದಿದ್ದಳಲ್ಲ. ನಾನು ನೋಡಿದೆ ಅಂತ ಯಾರಿಗೂ ಹೇಳುವುದಿಲ್ಲ.

ಊಟಕ್ಕೆ ನಿಲ್ಲಲಿಲ್ಲ ಆಕೆ. ಪಾಳಿ ಬದಲಾಗುವ ಹೊತ್ತಾಗಿತ್ತು. ಹಾರವನ್ನು ಶೈಸ್ತಾಳ ಕೈಗೆ ಕೊಟ್ಟು ಒಳಗೆ ಹೋದಳು. ಗಂಡಸರ ವಾರ್ಡಿನ ಕಿಟಕಿಯಲ್ಲಿ ನನ್ನ ಹಾಸಿಗೆಯ ಮೇಲೆ ಯಾರೋ ಬೊಕ್ಕ ತಲೆಯವನು ಮಲಗಿದ್ದ. ಆಕೆ ಅವನ ಕಡೆ ಬಗ್ಗಿ ಏನೋ ಕೇಳುತ್ತಿದ್ದಳು. ಯಾರವನು? ಏನಾಗಿದೆ ಅವನಿಗೆ, ಅಷ್ಟು ಬಗ್ಗಿ ಕೇಳುವಂಥದ್ದು?

ಭಾಷಣ ಕೇಳಲು ಪದ್ಮಜಾಳೂ ಬಂದಿದ್ದಳು, ಗಾಡಿಯಲ್ಲಿ ನನ್ನ ಪಕ್ಕದಲ್ಲೇ ಕೂತಳು. ವಾಡಿ ಸ್ಟೇಶನ್ ಬಂದಾಗ ಕೇಳಿದಳು: "ಅಪ್ಪಾ, ಅವ್ವ ಏನು ಹೇಳಿದ್ದಳು ಅಂತ ನಿನಗ ತಿಳಕೋಬೇಕು ಅನಸೂದಿಲ್ಲೇನು ಈಗ?"

"ಅನಸ್ತದ," ಅಂದೆ. "ದಿನಾ ಅನಸ್ತದ."

ಅವಳು ನನ್ನ ಕೈಮೇಲೆ ಕೈ ಇಟ್ಟಳು. ಹಾಗೇ ಚಿತ್ತಾಪುರದವರೆಗೆ ಬಂದೆವು.

ಹೊಟ್ಟೆಕಿಚ್ಚು ಹೋಗಿದೆ ಅಂತ ಬರೆದರೆ ಸುಳ್ಳಾಗುತ್ತದೆ. ಆದರೆ ಅನಸೂಯಾ ಮನುಷ್ಯರನ್ನು ಅಳೆಯುವುದರಲ್ಲಿ ಎಂದೂ ತಪ್ಪಿದವಳಲ್ಲ. ಸರಿಯಾದ ಕಡೆಯೇ ಹೇಳಿದ್ದಾಳೆ. ಟು ಬಿ ಫ್ರ್ಯಾಂಕ್, ನನಗೆ ಹೇಳಿದ್ದರೆ ಇಷ್ಟು ಹೊತ್ತಿಗೆ ನಾನು ಅದನ್ನು ಇಲ್ಲಿ ಬರೆದುಬಿಟ್ಟಿರುತ್ತಿದ್ದೆ.